ಉಣುಗೋಲು ಎಷ್ಟು ಗಟ್ಟಿಯಿರಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಒಂದು ವೆಬ್‌ಸೈಟಿನಲ್ಲಿ ಖಾತೆ ತೆರೆಯಲು ಕೂತರು. ಅವರ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿಯಿಂದ ಇನ್ನೂ ಒಳಗೆ. ಮನೆಗೆ ಕೇಬಲ್ ಎಳೆದ ಇಂಟರ್ನೆಟ್ ಇದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾತ್ರ ಮನೆ ಹಿಂದಿನ ಗುಡ್ಡ ಹತ್ತಬೇಕು. ಕಂಪ್ಯೂಟರಿನಲ್ಲಿ ಫಾರಂ ತುಂಬಿದರು. ಓಟಿಪಿ ಕಳಿಸಿದ್ದೇವೆ, ಎರಡು ನಿಮಿಷದೊಳಗೆ ಹಾಕಿ ಎಂದು ಸೈಟ್ ಹೇಳಿತು. ಮೊಬೈಲ್ ಸೆರಗಿನಲ್ಲಿ ಮುಚ್ಚಿಕೊಂಡು, ಛತ್ರಿ ಹಿಡಿದು ಗುಡ್ಡ ಹತ್ತಿದರು. ಮೆಸೇಜ್ ಬಂತು. ಇಳಿದು ಬಂದು ಹಾಕುವಷ್ಟರಲ್ಲಿ ಸಮಯ ಮುಗಿದಿತ್ತು. 'ಮತ್ತೆ ಕಳಿಸಿ' ಒತ್ತಿ ಮತ್ತೆ ಹತ್ತಿದರು. ಸಂಜೆ ನನಗೆ ವಾಟ್ಸಾಪಿನಲ್ಲಿ ಕರೆ ಮಾಡಿ, "ಎಂತ ಮಾರಾಯ, ನಂಬರ್ ಬಂದಿದೆ, ಸರಿಯಾಗೇ ಹಾಕಿದ್ದೇನೆ, ತಪ್ಪು ಅಂತ ಬರ್ತದೆ. ನಂದೇ ತಪ್ಪಾ?" ಎಂದು ಕೇಳಿದರು.

ತಪ್ಪು ಅವರದಲ್ಲ. ಆ ಸೈಟ್ ಮಾಡಿದವನು ನಾನು.

ಸುತ್ತಲಿನ ಅಡಿಕೆ ಬೆಳೆಗಾರರ ಒಂದು ಗುಂಪಿಗಾಗಿ ಮಾಡಿದ ಸಣ್ಣ ಸೈಟ್ ಅದು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಎಲ್ಲಿ ಸಿಗುತ್ತಾರೆ, ಯಾರ ಹತ್ತಿರ ಸಸಿ ಇದೆ, ಹಳೇ ಸುಲಿಯುವ ಯಂತ್ರ ಯಾರು ಮಾರುತ್ತಿದ್ದಾರೆ, ಇಷ್ಟೇ. ಅಷ್ಟಕ್ಕೆ ನಾನು ಇಮೇಲ್, ಪಾಸ್‌ವರ್ಡ್, ಓಟಿಪಿ, ಕ್ಯಾಪ್ಚಾ ನಾಲ್ಕನ್ನೂ ಬಾಗಿಲಲ್ಲೇ ಇಟ್ಟಿದ್ದೆ. ಜನ ಅರ್ಧಕ್ಕೇ ಬಿಟ್ಟು ಹೋದರು. ಆಮೇಲೆ ನಾಲ್ಕನ್ನೂ ತೆಗೆದುಹಾಕಿದೆ. ಸ್ವಲ್ಪ ದಿನದಲ್ಲೇ ನೂರಾರು ಸುಳ್ಳು ಖಾತೆಗಳು ಬಂದು ತುಂಬಿಕೊಂಡವು. ಸಾಲದ ಜಾಹೀರಾತು, ಜೂಜಿನ ಲಿಂಕು. ಅದರ ನಡುವೆ ಕೊನೆಗಾರರ ಹೆಸರು ಹುಡುಕಿದರೂ ಸಿಗದ ಹಾಗಾಯಿತು. ಆಗ ಕೂತು ಈ ತಪಾಸಣೆಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ಒಂದೊಂದಾಗಿ ಅರ್ಥ ಮಾಡಿಕೊಂಡೆ.

ಮಲೆನಾಡಿನ ಹಳೇ ಮನೆಗಳ ಮುಂದೆ ಉಣುಗೋಲು ನೋಡಿರುತ್ತೀರಿ. ಎರಡು ಕಂಬ, ಕಂಬಗಳಲ್ಲಿ ತೂತು, ತೂತಿನೊಳಗೆ ಅಡ್ಡಲಾಗಿ ಜಾರಿಸುವ ಬಿದಿರಿನ ಗಳ. ಬಂದವರು ಗಳ ಸರಿಸಿ ಒಳಗೆ ಬರುತ್ತಾರೆ. ದನಕ್ಕೆ ಅದು ಸಾಧ್ಯವಿಲ್ಲ. ಬೀಗ ಇಲ್ಲ, ಕೇಳುವವರಿಲ್ಲ, ಆದರೂ ಅಂಗಳದಲ್ಲಿ ಒಣಗಲು ಹಾಕಿದ್ದು ಉಳಿಯುತ್ತದೆ. ದುಡ್ಡು, ಬಂಗಾರ, ಕಾಗದಪತ್ರ ಒಳಕೋಣೆಯ ಪೆಟ್ಟಿಗೆಯಲ್ಲಿ. ಅದಕ್ಕೆ ಬೇರೆ ಬೀಗ. ಪೆಟ್ಟಿಗೆಯ ಬೀಗವನ್ನು ತಂದು ಯಾರೂ ಉಣುಗೋಲಿಗೆ ಹಾಕುತ್ತಿರಲಿಲ್ಲ. ನಾನು ಮಾಡಿದ್ದು ಅದನ್ನೇ.

ಕೇಳುತ್ತಿರುವುದು ಯಾವ ಪ್ರಶ್ನೆ?

'ವೆರಿಫಿಕೇಶನ್' ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಬಂದಿರುವುದು ಮನುಷ್ಯನೋ, ಯಂತ್ರವೋ? ಕೊಟ್ಟ ನಂಬರ್ ಅಥವಾ ಇಮೇಲ್ ಅವರದೇನಾ? ನಿನ್ನೆ ಬಂದವರೇ ಇವತ್ತೂ ಬಂದಿದ್ದಾರಾ? ತಾನು ಇಂಥವನು ಎಂದು ಹೇಳಿದವನು ನಿಜಕ್ಕೂ ಅವನೇನಾ? ಕ್ಯಾಪ್ಚಾ ಮೊದಲನೆಯದಕ್ಕೆ. ಓಟಿಪಿ ಮತ್ತು ಇಮೇಲ್ ಲಿಂಕ್ ಎರಡನೆಯದಕ್ಕೆ. ಪಾಸ್‌ವರ್ಡ್ ಮೂರನೆಯದಕ್ಕೆ. ಗುರುತಿನ ಚೀಟಿ ನಾಲ್ಕನೆಯದಕ್ಕೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಓಟಿಪಿ ಸರಿಯಾಗಿ ಹಾಕಿದವನು ಮುಂಗಡ ತಗೊಂಡು ಕೆಲಸಕ್ಕೆ ಬಂದೇ ಬರುತ್ತಾನೆ ಎಂದು ಏನೂ ಗ್ಯಾರಂಟಿ ಇಲ್ಲ. ಆ ಹೊತ್ತಿಗೆ ಆ ಫೋನಿಗೆ ಬಂದ ಮೆಸೇಜನ್ನು ಅವನು ಓದಿದ ಎಂದಷ್ಟೇ ಅದರ ಅರ್ಥ. ಈ ಪ್ರಶ್ನೆಗಳನ್ನು ಬಿಡಿಸಿ ನೋಡದೆ ಇದ್ದರೆ ಎಲ್ಲವನ್ನೂ ಎಲ್ಲರಿಗೂ ಕೇಳುವ ಫಾರಂ ತಯಾರಾಗುತ್ತದೆ.

ಮೊದಲು ಕ್ಯಾಪ್ಚಾ. ಮನುಷ್ಯರಿಗೆ ಸುಲಭ, ಯಂತ್ರಕ್ಕೆ ಕಷ್ಟ, ಅಂಥ ಒಂದು ಪರೀಕ್ಷೆ ಇಡಬೇಕು ಎನ್ನುವುದು ಅದರ ಯೋಚನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿ ವಾನ್ ಆನ್ ಮತ್ತು ಜೊತೆಗಾರರು 2003ರ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಸೊಟ್ಟಂಪಟ್ಟ ಅಕ್ಷರ ಓದಿ ಬರೆಯುವ ಪರೀಕ್ಷೆ ನೆನಪಿದೆ ಅಲ್ವಾ? 2007ರಲ್ಲಿ ಬಂದ ರೀಕ್ಯಾಪ್ಚಾ ಅದನ್ನೇ ಒಂದು ಒಳ್ಳೆಯ ಕೆಲಸಕ್ಕೂ ಬಳಸಿತು. ಹಳೇ ಪುಸ್ತಕ, ಪತ್ರಿಕೆಗಳ ಸ್ಕ್ಯಾನ್‌ನಲ್ಲಿ ಕಂಪ್ಯೂಟರ್ ಓದಲಾಗದ ಪದಗಳನ್ನು ಜನರಿಂದ ಓದಿಸಿತು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. 2014ರಲ್ಲಿ 'ನಾನು ರೋಬೋಟ್ ಅಲ್ಲ' ಎಂಬ ಚೌಕ ಬಂತು. ಅನುಮಾನ ಬಂದರೆ ಮಾತ್ರ ಚಿತ್ರದ ಒಗಟು.

ಆ ಚಿತ್ರಗಳು ನಮ್ಮ ಊರಿನವಲ್ಲ. ಅಮೆರಿಕದ ರಸ್ತೆಯಂಚಿನಲ್ಲಿ ಅಗ್ನಿಶಾಮಕದವರಿಗಾಗಿ ಇಡುವ ಗಿಡ್ಡ ನಲ್ಲಿಕಂಬ ಎಲ್ಲಿದೆ ತೋರಿಸಿ ಎನ್ನುತ್ತದೆ. ಹೊಸನಗರದ ಕಡೆಯ ಒಬ್ಬ ಕೊನೆಗಾರರು ನನಗೆ ಫೋನ್ ಹಿಡಿದು ತೋರಿಸಿ "ಇದು ಎಂತದು?" ಎಂದು ಕೇಳಿದ್ದರು. ಅವರು ಎತ್ತರದ ಅಡಿಕೆ ಮರದಿಂದ ಮರಕ್ಕೆ ದಾಟುವ ಮನುಷ್ಯ. ತಾನು ಯಂತ್ರವಲ್ಲ ಎಂದು ತೋರಿಸಲು ಅವರಿಗೆ ಆಗಲಿಲ್ಲ. ಕಣ್ಣು ಕಾಣದವರಿಗೆ ಇನ್ನೂ ಕಷ್ಟ. ಕೇಳಿಸಿಕೊಂಡು ಬರೆಯುವ ದಾರಿ ಇರುತ್ತದೆ, ಆದರೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಗದ್ದಲದ ನಡುವೆ. ಇಷ್ಟೆಲ್ಲಾ ಆದ ಮೇಲೆ ಯಂತ್ರ ನಿಲ್ಲುತ್ತದಾ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಟ್‌ಗಳು, ಅಂದರೆ ಮನುಷ್ಯರಂತೆ ತಾವೇ ಸೈಟ್ ಬಳಸುವ ತಂತ್ರಾಂಶಗಳು, ಈ ಒಗಟುಗಳನ್ನು ಮನುಷ್ಯರಿಗಿಂತ ಬೇಗ, ಹೆಚ್ಚು ಸರಿಯಾಗಿ ಬಿಡಿಸಬಲ್ಲವು ಎಂದು ಕಂಡುಕೊಂಡರು.

ನಮ್ಮಂಥ ಸಣ್ಣ ಸೈಟಿಗೆ ಇದಕ್ಕಿಂತ ಸರಳ ಉಪಾಯಗಳಿವೆ. ಫಾರಂನಲ್ಲಿ ಕಣ್ಣಿಗೆ ಕಾಣದ ಒಂದು ಖಾನೆ ಇಡುವುದು ಒಂದು. ಮನುಷ್ಯರು ಅದನ್ನು ನೋಡುವುದೇ ಇಲ್ಲ. ಸಿಕ್ಕ ಖಾನೆಯೆಲ್ಲಾ ತುಂಬುವ ಬಾಟ್ ಅದನ್ನೂ ತುಂಬುತ್ತದೆ. ತುಂಬಿದ್ದರೆ ಆ ಅರ್ಜಿ ಕಸದ ಬುಟ್ಟಿಗೆ. ಇದಕ್ಕೆ ಹನಿಪಾಟ್ ಎನ್ನುತ್ತಾರೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶದಿಂದಲೂ ಆ ಖಾನೆಯನ್ನು ಮರೆಮಾಡಬೇಕು, ಇಲ್ಲದಿದ್ದರೆ ಅವರೇ ಬಲೆಗೆ ಬೀಳುತ್ತಾರೆ. ಇನ್ನೊಂದು, ಫಾರಂ ತೆರೆದ ಎರಡೇ ಸೆಕೆಂಡಿನಲ್ಲಿ ಎಲ್ಲಾ ತುಂಬಿ ಬಂದರೆ ಅನುಮಾನಿಸುವುದು. ಮತ್ತೊಂದು, ಒಂದೇ ಕಡೆಯಿಂದ ಗಂಟೆಗೆ ಇಷ್ಟೇ ಖಾತೆ ಎಂದು ಮಿತಿ ಹಾಕುವುದು. ಈ ಮೂರರಿಂದಲೇ ನಮಗೆ ಬರುತ್ತಿದ್ದ ಕಸ ಬಹುಪಾಲು ನಿಂತಿತು. ಹಟ ಹಿಡಿದು ನಮ್ಮ ಸೈಟನ್ನೇ ಗುರಿ ಮಾಡಿದವರನ್ನು ಇದು ತಡೆಯುವುದಿಲ್ಲ, ಅದು ನಿಜ. ಆದರೆ ಅಡಿಕೆ ಸಸಿಯ ಸೈಟಿಗೆ ಬರುವ ಕಾಟದಲ್ಲಿ ಹೆಚ್ಚಿನದು ದಾರಿಯಲ್ಲಿ ಹೋಗುವ ದನದ ಥರದ್ದು.

ಎರಡು ನಿಮಿಷದ ಲೆಕ್ಕ

ಈಗ ಚಿಕ್ಕಮ್ಮನ ಓಟಿಪಿಗೆ ಬರೋಣ. ಇದರ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ.

ಆರು ಅಂಕಿಯ ಓಟಿಪಿ ಎಂದರೆ 10 ಲಕ್ಷ ಸಾಧ್ಯತೆ. ಎಷ್ಟು ಸಲ ಬೇಕಾದರೂ ಹಾಕಿ ನೋಡಬಹುದು ಎಂದು ಬಿಟ್ಟರೆ ಯಂತ್ರವೊಂದು ಒಂದೊಂದೇ ಹಾಕುತ್ತಾ ಹೋಗಿ ಸರಿಯಾದದ್ದನ್ನು ಮುಟ್ಟಿಬಿಡುತ್ತದೆ. ಐದೇ ಸಲ ಎಂದು ಮಿತಿ ಹಾಕಿದರೆ ಊಹೆ ಸರಿಯಾಗುವ ಸಾಧ್ಯತೆ 2 ಲಕ್ಷದಲ್ಲಿ ಒಂದು. ಇಲ್ಲಿ ಗಮನಿಸಿ. ಊಹೆಯಿಂದ ಕಾಪಾಡುತ್ತಿರುವುದು ಐದು ಸಲದ ಮಿತಿ, ಎರಡು ನಿಮಿಷದ ಗಡಿಯಾರ ಅಲ್ಲ. ಗಡಿಯಾರಕ್ಕೂ ಕೆಲಸವಿದೆ. ಬಳಸದೆ ಬಿಟ್ಟ ಕೋಡ್ ಆಮೇಲೆ ಯಾರದೋ ಕೈಗೆ ಸಿಕ್ಕಬಾರದಲ್ಲ. ಆದರೆ ಅದನ್ನು ಎರಡು ನಿಮಿಷಕ್ಕೇ ಬಿಗಿಯಬೇಕು ಎಂದೇನಿಲ್ಲ. ಅಮೆರಿಕದ ನಿಸ್ಟ್ ಎಂಬ ಸರ್ಕಾರಿ ಮಾನದಂಡ ಸಂಸ್ಥೆ 2017ರಲ್ಲಿ ಹೊರಡಿಸಿದ ಕೈಪಿಡಿ ನೋಂದಣಿಯ ಕೋಡ್ ಎಸ್‌ಎಂಎಸ್‌ನಲ್ಲಿ ಹೋದರೆ 10 ನಿಮಿಷ, ಇಮೇಲ್‌ನಲ್ಲಿ ಹೋದರೆ 24 ಗಂಟೆ ಬದುಕಿರಬಹುದು ಎಂದಿತ್ತು. ದೇಶದೊಳಗೆ ಅಂಚೆಯಲ್ಲಿ ಕಳಿಸಿದರೆ 10 ದಿನ. ಯಾವ ದಾರಿಯಲ್ಲಿ ಹೋಗುತ್ತದೋ ಆ ದಾರಿಯ ವೇಗಕ್ಕೆ ತಕ್ಕ ಸಮಯ. ಓದಿದಾಗ ನನಗೆ ಆ ಗುಡ್ಡವೇ ಕಣ್ಣಮುಂದೆ ಬಂತು.

ಇನ್ನೊಂದು ತಪ್ಪು ನಾನು ಬರೆದ ಪ್ರೋಗ್ರಾಮಿನಲ್ಲಿ ಅಡಗಿತ್ತು. 'ಮತ್ತೆ ಕಳಿಸಿ' ಒತ್ತಿದ ಕೂಡಲೇ ಮೊದಲಿನ ಓಟಿಪಿ ರದ್ದಾಗುತ್ತಿತ್ತು. ಸಿಗ್ನಲ್ ಬಂದು ಹೋಗುವ ಕಡೆ ಎರಡು ಮೂರು ಮೆಸೇಜ್ ಒಟ್ಟಿಗೆ ಬರುತ್ತವೆ, ಹಿಂದುಮುಂದಾಗಿಯೂ ಬರುತ್ತವೆ. ಚಿಕ್ಕಮ್ಮ ಹಾಕಿದ್ದು ಸರಿಯಾದ ಅಂಕಿಯೇ, ಆದರೆ ಸತ್ತುಹೋದ ಮೊದಲ ಓಟಿಪಿ. ಈಗ ಮತ್ತೆ ಕಳಿಸಿದಾಗ ಅದೇ ಅಂಕಿಗಳೇ ಹೋಗುತ್ತವೆ. ಯಾವ ಮೆಸೇಜ್ ನೋಡಿ ಹಾಕಿದರೂ ಸರಿ. ಜೊತೆಗೆ ಎಸ್‌ಎಂಎಸ್, ವಾಟ್ಸಾಪ್, ಇಮೇಲ್ ಮೂರರಲ್ಲಿ ಯಾವುದರಲ್ಲಿ ಬೇಕು ಎಂದು ಮೊದಲೇ ಕೇಳುತ್ತೇವೆ. ಮನೆಯ ವೈಫೈನಲ್ಲಿ ವಾಟ್ಸಾಪ್ ಬರುತ್ತದೆ. ಗುಡ್ಡ ಹತ್ತುವ ಕೆಲಸವೇ ಇಲ್ಲ.

ಬಾಟ್‌ಗಳು ಓಟಿಪಿಯನ್ನು ಇನ್ನೊಂದು ರೀತಿ ದುರುಪಯೋಗ ಮಾಡುತ್ತವೆ. ಸುಮ್ನೆ ಸಾವಿರ ನಂಬರ್ ಹಾಕಿ ಓಟಿಪಿ ಕೇಳುತ್ತವೆ. ಪ್ರತಿ ಎಸ್‌ಎಂಎಸ್‌ಗೂ ಸೈಟಿನವರು ದುಡ್ಡು ಕೊಡಬೇಕು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮದಂತೆ, ಇಂಥ ಮೆಸೇಜ್ ಕಳಿಸುವವರು ತಮ್ಮ ಹೆಸರನ್ನೂ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಿರಬೇಕು. ಸಣ್ಣ ಗುಂಪಿಗೆ ಅದೂ ಒಂದು ಹೊರೆ. ಹಾಗಾಗಿ ಹನಿಪಾಟ್, ಮಿತಿ ಇವನ್ನು ದಾಟಿದವರಿಗೆ ಮಾತ್ರ ಓಟಿಪಿ ಹೋಗುವಂತೆ ಇಡಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಊರಿನಲ್ಲಿ. ಮಗನೇ ಸಿಮ್ ಕೊಡಿಸಿರುತ್ತಾನೆ, ತನ್ನ ನಂಬರನ್ನೇ ಎಲ್ಲಾ ಕಡೆ ಕೊಟ್ಟಿರುತ್ತಾನೆ. ಇಲ್ಲಿ ಅಮ್ಮ ಫಾರಂ ತುಂಬುತ್ತಾರೆ, ಅಲ್ಲಿ ಮಗನಿಗೆ ಓಟಿಪಿ ಹೋಗುತ್ತದೆ, ಅವನು ಫೋನ್ ಮಾಡಿ ಓದಿ ಹೇಳುತ್ತಾನೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ದಿನಾ ಮೆಸೇಜ್ ಕಳಿಸುತ್ತದೆ. ನಾವು ಸೈಟ್ ಮಾಡುವವರು ಸಣ್ಣಪುಟ್ಟದ್ದಕ್ಕೆಲ್ಲಾ ಓಟಿಪಿ ಕೇಳಿ, ಅದನ್ನು ಫೋನಿನಲ್ಲಿ ಹೇಳುವ ಅಭ್ಯಾಸವನ್ನೇ ಮಾಡಿಸುತ್ತೇವೆ. ನಾಳೆ ಮೋಸಗಾರ ಕರೆ ಮಾಡಿದಾಗ ಆ ಅಮ್ಮನಿಗೆ ಅದು ಹೊಸದೆನಿಸುವುದಿಲ್ಲ. ಬೇಡದ ತಪಾಸಣೆ ತೊಂದರೆ ಕೊಡುವುದಷ್ಟೇ ಅಲ್ಲ, ಬೇಕಾದ ಜಾಗದ ತಪಾಸಣೆಯನ್ನೂ ಸಡಿಲ ಮಾಡುತ್ತದೆ.

ನಂಬರ್ ಶಾಶ್ವತವೂ ಅಲ್ಲ. ಯಾವ ಟವರ್ ಹತ್ತಿರ ಬಂತೋ ಆ ಕಂಪನಿಯ ಸಿಮ್ ಹಾಕಿಕೊಳ್ಳುವುದು ನಮ್ಮ ಕಡೆ ಮಾಮೂಲಿ. ಹಳೆಯದು ರೀಚಾರ್ಜ್ ಇಲ್ಲದೆ ಬಂದ್ ಆಗುತ್ತದೆ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ನಂಬರ್ ಒಂದನ್ನೇ ಬೀಗದ ಕೈ ಮಾಡಿದ್ದರೆ, ಆ ಹೊಸಬರಿಗೆ ನಿಮ್ಮ ಖಾತೆಯೂ ಸಿಕ್ಕಿತು.

ಇಮೇಲ್ ಲಿಂಕ್ ಬಗ್ಗೆ ಎರಡೇ ಮಾತು. ಕಾಗುಣಿತ ತಪ್ಪಾದ ಇಮೇಲನ್ನೂ, ಬೇರೆಯವರ ಇಮೇಲ್ ಹಾಕಿದ್ದನ್ನೂ ಅದು ಹಿಡಿಯುತ್ತದೆ. ಆದರೆ ಕೆಲವು ಮೇಲ್ ವ್ಯವಸ್ಥೆಗಳು ವೈರಸ್ ಇದೆಯೇ ಎಂದು ನೋಡಲು ಲಿಂಕನ್ನು ತಾವೇ ತೆರೆದುಬಿಡುತ್ತವೆ. ಒಂದೇ ಸಲ ನಡೆಯುವ ಲಿಂಕ್ ಆಗಲೇ ಖರ್ಚಾಗಿರುತ್ತದೆ, ನಿಜವಾದವರು ಒತ್ತಿದರೆ 'ಅವಧಿ ಮುಗಿದಿದೆ' ಎಂದು ಬರುತ್ತದೆ. ಲಿಂಕ್ ತೆರೆದಾಗ ಒಂದು ಪುಟ ಬಂದು, ಅಲ್ಲಿ 'ಹೌದು, ನಾನೇ' ಎಂಬ ಬಟನ್ ಒತ್ತಿದರೆ ಮಾತ್ರ ಖಾತೆ ಪಕ್ಕಾ ಆಗುವಂತೆ ಮಾಡಿದರೆ ಇದು ತಪ್ಪುತ್ತದೆ.

ಕಮಲ ಒಳಗೆ, ಕಮಲಾ ಹೊರಗೆ

ಹೆಸರಿನ ಖಾನೆಯಲ್ಲಿ ಎಂಥ ತಪಾಸಣೆ ಎಂದು ಅನಿಸಬಹುದು. ಎಷ್ಟೋ ಸೈಟುಗಳು ಜನರನ್ನು ಕಳೆದುಕೊಳ್ಳುವುದು ಇಲ್ಲೇ. ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ. ನಮ್ಮಲ್ಲಿ ಹೆಸರಿನ ಹಿಂದೆ ಊರಿನದೋ ಅಪ್ಪನದೋ ಒಂದಕ್ಷರ ಇರುತ್ತದೆ, ಅಡ್ಡಹೆಸರು ಇರಲೇಬೇಕೆಂದಿಲ್ಲ. ಕೊನೆಯ ಹೆಸರಿನಲ್ಲಿ ಬರೀ 'ಕೆ' ಎಂದು ಹಾಕಿದರೆ ಕನಿಷ್ಠ ಮೂರು ಅಕ್ಷರ ಬೇಕು ಎನ್ನುತ್ತದೆ. ಆಗ ಜನ ಏನೋ ಒಂದು ತುಂಬುತ್ತಾರೆ. ಸುಳ್ಳನ್ನು ತಡೆಯಲು ಹಾಕಿದ ನಿಯಮ ಪ್ರಾಮಾಣಿಕರಿಂದ ಸುಳ್ಳು ಬರೆಸುತ್ತದೆ.

ಕನ್ನಡದಲ್ಲಿ ಬರೆದರೆ ಇನ್ನೊಂದು ಕಷ್ಟ. ಎಲ್ಲಾ ಲಿಪಿಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಮೂಲಾಕ್ಷರಗಳು 'ಅಕ್ಷರ' ಎಂಬ ಗುಂಪಿನಲ್ಲಿವೆ. ದೀರ್ಘ, ಗುಡಿಸು, ಕೊಂಬು, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಇವೆಲ್ಲಾ 'ಗುರುತು' ಎಂಬ ಬೇರೆ ಗುಂಪಿನಲ್ಲಿವೆ. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಎಂದು ನಿಯಮ ಬರೆದವರು ಗುರುತುಗಳನ್ನು ಮರೆತರೆ 'ಕಮಲ' ಎಂಬ ಹೆಸರು ಪಾಸಾಗುತ್ತದೆ, 'ಕಮಲಾ' ನಪಾಸು. 'ಸರಸ್ವತಿ'ಯಂತೂ ಒಳಗೆ ಬರುವುದೇ ಇಲ್ಲ. ಸೈಟ್ ಮಾಡುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. 'ನಿಮ್ಮ ಹೆಸರು' ಎಂದು ಒಂದೇ ಖಾನೆ ಇಡಿ. ಯಾವ ಲಿಪಿಯಲ್ಲಿ, ಹೇಗೆ ಬರೆದರೂ ತೆಗೆದುಕೊಳ್ಳಿ.

ಪಾಸ್‌ವರ್ಡಿನ ಕಥೆ ಹಲವರಿಗೆ ಗೊತ್ತು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲಾ ಇರಬೇಕು, ಆಗಾಗ ಬದಲಿಸಬೇಕು ಎಂಬ ಪದ್ಧತಿ ಹರಡಿದ್ದು ನಿಸ್ಟ್‌ನ ಬಿಲ್ ಬರ್ 2003ರಲ್ಲಿ ಬರೆದ ಕೈಪಿಡಿಯಿಂದ. ಅದರಲ್ಲಿ ಹೆಚ್ಚಿನದ್ದಕ್ಕೆ ಈಗ ಪಶ್ಚಾತ್ತಾಪ ಪಡುತ್ತೇನೆ ಎಂದು 2017ರಲ್ಲಿ ಅವರೇ ಪತ್ರಿಕೆಗೆ ಹೇಳಿದರು. ಊರಿನ ಹೆಸರಿನ ಮೊದಲಕ್ಷರ ದೊಡ್ಡದು ಮಾಡಿ, ಒಂದು ಚಿಹ್ನೆ ಸೇರಿಸಿ, ಕೊನೆಗೆ 123 ಹಾಕಿದರೆ ಎಲ್ಲಾ ನಿಯಮ ಪಾಲಿಸಿದಂತೆ. ಕಳ್ಳನಿಗೂ ಅದು ಗೊತ್ತು. ಹೊಸ ಕೈಪಿಡಿ ಚಿಹ್ನೆಗಳ ಹಟ ಬಿಟ್ಟು ಉದ್ದಕ್ಕೆ ಬೆಲೆ ಕೊಡುತ್ತದೆ. ಈಗಾಗಲೇ ಸೋರಿಹೋದ ಪಾಸ್‌ವರ್ಡುಗಳ ಪಟ್ಟಿಯಲ್ಲಿದ್ದರೆ ಬೇಡ ಎನ್ನಿ, ಪೇಸ್ಟ್ ಮಾಡಲು ಬಿಡಿ ಎನ್ನುತ್ತದೆ. ಎಲ್ಲರೂ ಬಳಸಬಹುದಾದ ವೆಬ್ ಹೇಗಿರಬೇಕು ಎಂದು ಹೇಳುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.2ನೇ ಆವೃತ್ತಿ 2023ರ ಅಕ್ಟೋಬರಿನಲ್ಲಿ ಬಂತು. ನೆನಪಿನ ಶಕ್ತಿಯ ಪರೀಕ್ಷೆಯೊಂದೇ ಒಳಗೆ ಹೋಗುವ ದಾರಿ ಆಗಬಾರದು ಎಂದು ಅದೂ ಹೇಳುತ್ತದೆ.

ಪಾಸ್‌ವರ್ಡ್ ಇಲ್ಲದ ಪಾಸ್‌ಕೀ ಎಂಬ ದಾರಿಯೂ ಇದೆ. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಇದನ್ನು ಬೆಂಬಲಿಸುತ್ತೇವೆಂದು ಒಟ್ಟಿಗೆ ಹೇಳಿದವು. ಫೋನಿಗೆ ಬೆರಳೊತ್ತಿದರೆ ಸಾಕು, ಬೆರಳಚ್ಚು ಫೋನಿನಿಂದ ಹೊರಗೆ ಹೋಗುವುದಿಲ್ಲ. ಆದರೆ ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಮೆತ್ತಿದ, ಸವೆದ ಬೆರಳನ್ನು ಫೋನ್ ಎಷ್ಟೋ ಸಲ ಗುರುತಿಸುವುದಿಲ್ಲ. ಪಾಸ್‌ಕೀ ಫೋನಿನ ಪಿನ್‌ನಿಂದಲೂ ನಡೆಯುತ್ತದೆ. ಅದನ್ನು ಪರದೆಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು.

ಹಾಗಾದರೆ ಎಲ್ಲಿ, ಏನು ಕೇಳಬೇಕು? ಶಿವಮೊಗ್ಗ ಮಂಡಿಯಲ್ಲಿ ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಬೆಟ್ಟೆ ಅಡಿಕೆ ಎಷ್ಟು ಎಂದು ನೋಡಲು ಖಾತೆಯೇ ಬೇಡ. ನಮ್ಮ ಸೈಟಿನಲ್ಲಿ ಈಗ ನೋಡುವುದೆಲ್ಲಾ ಮುಕ್ತ. 'ನನ್ನ ಹತ್ತಿರ ಸಸಿ ಇದೆ' ಎಂದು ಹಾಕುವಾಗ ಹೆಸರು, ನಂಬರ್. ಹೊಸಬರು ಹಾಕಿದ ಮೊದಲನೇ ಪ್ರಕಟಣೆಯನ್ನು ಗುಂಪಿನ ಒಬ್ಬರು ಕಣ್ಣು ಹಾಯಿಸಿ ಬಿಡುತ್ತಾರೆ, ಆಮೇಲಿನವು ನೇರ. ಕೊನೆಗಾರರಿಗೆ ಮುಂಗಡ ಕೊಡುವ ಮಾತು ಬಂದಾಗ ಮಾತ್ರ ಪಕ್ಕಾ ಗುರುತು. ಅದನ್ನು ಮೊದಲು ಅವರಿಂದ ಕೆಲಸ ಮಾಡಿಸಿಕೊಂಡ ಇಬ್ಬರು ಬೆಳೆಗಾರರು ಹೇಳುತ್ತಾರೆ. ಬ್ಯಾಂಕು, ಕಾರ್ಡಿನ ವಿಷಯ ಬೇರೆ. ಇಂಟರ್ನೆಟ್ಟಿನಲ್ಲಿ ಕಾರ್ಡ್ ಬಳಸುವಾಗ ಎರಡನೇ ತಪಾಸಣೆಯನ್ನು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ದುಡ್ಡಿನ ಪೆಟ್ಟಿಗೆಗೆ ಅಂಥ ಬೀಗ ಬೇಕೇ ಬೇಕು.

ಆಧಾರ್ ಫೋಟೋ ಹಾಕಿಸೋಣ, ಮೋಸ ನಿಲ್ಲುತ್ತದೆ ಎಂದು ನಮ್ಮ ಸಭೆಯಲ್ಲಿ ಒಬ್ಬರು ಹೇಳಿದ್ದರು. ನಾನು ಒಪ್ಪಲಿಲ್ಲ. ನೂರಾರು ಜನರ ಆಧಾರ್ ಚಿತ್ರ ನಮ್ಮ ಸಣ್ಣ ಸರ್ವರಿನಲ್ಲಿ ಇದ್ದರೆ, ಅದನ್ನು ಕಾಯುವ ಶಕ್ತಿ ನಮಗಿಲ್ಲ. ಖಾಸಗಿ ಕಂಪನಿಗಳು ಆಧಾರ್ ಬಳಸಲು ಅವಕಾಶ ಕೊಟ್ಟಿದ್ದ ಕಾನೂನಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಜನರ ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವಾಗ ಆ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಿ ಎನ್ನುತ್ತದೆ. ನಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು.

ಕೊನೆಗೆ ಉಳಿದದ್ದು ಪಾಸ್‌ವರ್ಡ್ ಮರೆತು, ಸಿಮ್ಮೂ ಬದಲಾದವರ ಪ್ರಶ್ನೆ. ಮೊದಲು ಬ್ಯಾಂಕಿನಲ್ಲಿ ಖಾತೆ ತೆರೆಯಲು ಪರಿಚಯದವರ ಸಹಿ ಕೇಳುತ್ತಿದ್ದರು, ಹಿರಿಯರಿಗೆ ನೆನಪಿರುತ್ತದೆ. ನಾವು ಅದನ್ನೇ ತಂದೆವು. ಖಾತೆ ತೆರೆಯುವಾಗ ಗುಂಪಿನಲ್ಲಿ ತನಗೆ ಗೊತ್ತಿರುವ ಇಬ್ಬರ ಹೆಸರು ಹೇಳಬಹುದು. ಮುಂದೆ ಬಾಗಿಲು ಮುಚ್ಚಿಹೋದರೆ ಆ ಇಬ್ಬರೂ ಒಪ್ಪಬೇಕು. ಒಪ್ಪಿದ ಮೇಲೂ ಮೂರು ದಿನ ಕಾಯುತ್ತೇವೆ, ಹಳೇ ನಂಬರಿಗೂ ಇಮೇಲಿಗೂ ಸುದ್ದಿ ಕಳಿಸುತ್ತೇವೆ, ಬೇರೆಯವರು ಕದಿಯುತ್ತಿದ್ದರೆ ನಿಜವಾದವರು ತಡೆಯಲು ಸಮಯ ಸಿಗಲಿ ಎಂದು. ಚಿಕ್ಕಮ್ಮ ತಮ್ಮ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಹಾಕಿದ್ದಾರೆ. ಇನ್ನೊಂದು ಪಕ್ಕದ ಮನೆಯವರದು. ಅವರಿಗೂ ಮನೆಯಲ್ಲಿ ಸಿಗ್ನಲ್ ಇಲ್ಲ, ವಾಟ್ಸಾಪ್ ಬರುತ್ತದೆ.